ಒಂಟಿ, ಒಬ್ಬಂಟಿ, ಏಕಾಂತ

ಊರು ಬಿಟ್ಟು ಬಂದು ದುಡಿಯುವ ನಮ್ಮವರನ್ನು "ಹೇಗಿದ್ದೀರಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. ಒಂದು "ಚೆನ್ನಾಗಿದ್ದೇನೆ", ಇನ್ನೊಂದು "ಏನೋ ಬೇಜಾರು". ಮೊದಲನೆಯದು ಅನೇಕ ವೇಳೆ ನಿಜವಾಗಿರುವುದಿಲ್ಲ. ಎರಡನೆಯದು ನಿಜವಾಗಿದ್ದರೂ ಸಾಲುವುದಿಲ್ಲ. ಬೇಜಾರು ಎಂಬುದು ಪಾರಸಿ ಭಾಷೆಯಿಂದ ನಮ್ಮಲ್ಲಿಗೆ ಬಂದ ಮಾತು. ರೋಸಿಹೋದವನು, ಬೇಸತ್ತವನು ಎಂದು ಅದರ ಮೂಲದ ಅರ್ಥ. ನಾವು ಅದನ್ನು ಗೋಣಿಚೀಲ ಮಾಡಿಕೊಂಡು, ಕೆಲಸದ ದಣಿವು, ಮನೆಯ ನೆನಪು, ಮೇಲಿನವರ ಗದರಿಕೆ, ಮಾತಾಡಲು ಜನವಿಲ್ಲದಿರುವುದು, ಎಲ್ಲವನ್ನೂ ಅದರೊಳಗೆ ತುಂಬಿ ಬಾಯಿ ಕಟ್ಟಿಬಿಡುತ್ತೇವೆ. ಜ್ವರ ಬಂದವನಿಗೆ ವೈದ್ಯನು ಇದು ಮಲೇರಿಯವೋ ಟೈಫಾಯಿಡೋ ಎಂದು ನೋಡಿಯೇ ಔಷಧ ಕೊಡುತ್ತಾನೆ. ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ. ಯಾವ ಬಗೆಯ ಕಷ್ಟವೆಂದು ಹೆಸರಿಟ್ಟು ಹೇಳಲು ಬಂದರೆ ಅದಕ್ಕೆ ತಕ್ಕ ಉಪಾಯವನ್ನು ಹುಡುಕಬಹುದು. ಈ ವಿಷಯದಲ್ಲಿ ನಮ್ಮ ಕನ್ನಡ ಬಡ ಭಾಷೆಯಲ್ಲ. ಒಬ್ಬನೇ ಇರುವುದನ್ನು ಹೇಳಲು ಅದರಲ್ಲಿ ಎಷ್ಟು ಮಾತುಗಳಿವೆ, ಒಂದೊಂದೂ ಏನನ್ನು ಸೂಚಿಸುತ್ತದೆ ಎಂಬುದನ್ನು ನೋಡೋಣ.

ಮೊದಲು 'ಒಂಟಿ'. ಇದು ಅಚ್ಚಗನ್ನಡ ಮಾತು. ಒಂದು, ಒಬ್ಬ, ಒಮ್ಮೆ ಎಂಬುವು ಯಾವ ಬೇರಿನಿಂದ ಬಂದವೋ ಅದೇ ಬೇರಿನಿಂದ ಇದೂ ಬಂದಿದೆ. ತಮಿಳಿನ ಒಂಡಿ, ತೆಲುಗಿನ ಒಂಟರಿ ಇದರ ನೆಂಟರು. ಆದರೆ 'ಒಂದು' ಎಂಬುದಕ್ಕೂ 'ಒಂಟಿ' ಎಂಬುದಕ್ಕೂ ವ್ಯತ್ಯಾಸವಿದೆ. ಕೊಟ್ಟಿಗೆಯಲ್ಲಿ ಒಂದು ಎತ್ತು ಇದೆ ಎಂದರೆ ಅದು ಬರಿಯ ಲೆಕ್ಕ. ಒಂಟಿ ಎತ್ತು ಎಂದರೆ ಅದರ ಜೊತೆಗೆ ಇನ್ನೊಂದು ಇರಬೇಕಾಗಿತ್ತು, ಇಲ್ಲ ಎಂದಂತೆ. ಒಂಟಿ ಚಪ್ಪಲಿ ಎಂದರೂ ಹಾಗೆಯೇ. ಹಳ್ಳಿಯಲ್ಲಿ ಪಯಣ ಹೊರಟಾಗ ಒಂಟಿ ಸೀನು ಬಂದರೆ ಸ್ವಲ್ಪ ಕುಳಿತು ಹೋಗೆನ್ನುತ್ತಾರೆ. ಇನ್ನೊಂದು ಸೀನು ಬಂದು ಜೋಡಿಯಾದರೆ ಚಿಂತೆಯಿಲ್ಲ. ಹೀಗೆ ಒಂಟಿ ಎಂಬ ಮಾತಿನೊಳಗೇ ಜೋಡಿಯ ನೆನಪು ಇದೆ. ಜೊತೆ ಇರಬೇಕಾದಲ್ಲಿ ಇಲ್ಲದಿರುವುದೇ ಒಂಟಿತನ.

'ಒಬ್ಬಂಟಿ' ಅಥವಾ 'ಒಬ್ಬೊಂಟಿ' ಎಂಬುದು ಮನುಷ್ಯರಿಗೆ ಮಾತ್ರ ಸಲ್ಲುವ ಮಾತು. ಒಂಟಿ ಮರ ಉಂಟು, ಒಬ್ಬಂಟಿ ಮರ ಇಲ್ಲ. ಒಬ್ಬ ಎಂಬುದು ಸೇರಿದೊಡನೆ ಆ ಮಾತಿಗೆ ಮುಖ ಬರುತ್ತದೆ. 'ಏಕಾಕಿ' ಎಂಬ ಸಂಸ್ಕೃತದ ಮಾತಿಗೂ ಇದೇ ಅರ್ಥ. 'ಏಕಾಂಗಿ' ಎಂಬುದಕ್ಕೆ ಮಾತ್ರ ಒಂದು ಬಗೆಯ ಗಟ್ಟಿತನವಿದೆ. ಏಕಾಂಗಿಯಾಗಿ ಹೋರಾಡಿದನು ಎನ್ನುತ್ತೇವೆ. ಏಕಾಂಗಿಯಾಗಿ ಅತ್ತನು ಎನ್ನುವುದು ಕಡಮೆ. ಸೂರತ್ತಿನ ಕವಿ ನರ್ಮದನು ಗುಜರಾತಿಗೆ ಗುಜರಾತಿಯಲ್ಲಿಯೇ ಅರ್ಥ ಹೇಳುವ 'ನರ್ಮಕೋಶ'ವನ್ನು 1873ರಲ್ಲಿ ಹೊರತಂದನು. ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲರು ವರ್ಷಗಟ್ಟಲೆ ದುಡಿದು ನಮ್ಮ ದೊಡ್ಡ ಕನ್ನಡ ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿದರು. ಇಂಥವರ ಸಾಹಸಕ್ಕೆ ಏಕಾಂಗಿ ಎಂಬ ಮಾತು ಒಪ್ಪುತ್ತದೆ. ಹೆಗಲ ಮೇಲೆ ಕೆಲಸ ಇದ್ದವನು ಏಕಾಂಗಿ. ಕೈ ಬರಿದಾದವನು ಒಬ್ಬಂಟಿ.

ಇನ್ನು 'ತಬ್ಬಲಿ', 'ದಿಕ್ಕಿಲ್ಲದವನು', 'ಪರದೇಶಿ'. ತಬ್ಬಲಿ ಎಂದರೆ ತಾಯಿಯಿಲ್ಲದ ಕೂಸು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಯಾವ ಕನ್ನಡಿಗನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿಕ್ಕಿಲ್ಲದವನು ಎಂದರೆ ದಾರಿ ತಪ್ಪಿದವನಲ್ಲ, ಕಾಯುವವರು ಇಲ್ಲದವನು. ಪರದೇಶಿ ಎಂಬ ಮಾತಂತೂ ನಮ್ಮನ್ನು ನೇರವಾಗಿ ಮುಟ್ಟುವಂಥದು. ಗುಜರಾತಿಯಲ್ಲಿ ಪರದೇಶಿ ಎಂದರೆ ಬೇರೆ ದೇಶದವನು, ಅಷ್ಟೆ. ಕನ್ನಡದಲ್ಲಿ ಅದೇ ಮಾತು ಯಾರೂ ಇಲ್ಲದ ಬಡಪಾಯಿ ಎಂಬ ಅರ್ಥಕ್ಕೆ ಇಳಿದಿದೆ. ತನ್ನ ನೆಲ ಬಿಟ್ಟವನಿಗೆ ಯಾರೂ ಇರುವುದಿಲ್ಲ ಎಂದು ನಮ್ಮ ಹಿರಿಯರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರೆಂದು ತೋರುತ್ತದೆ. ಆ ತೀರ್ಮಾನವನ್ನು ಸುಳ್ಳು ಮಾಡುವುದು ನಮ್ಮ ಕೈಯಲ್ಲಿದೆ.

ಮನುಷ್ಯನಿಗಲ್ಲದೆ ಮನೆಗೂ ಒಂಟಿತನವುಂಟು. ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ 'ಬಿಕೋ' ಎನ್ನುತ್ತದೆ. ಉತ್ತರ ಕರ್ನಾಟಕದವರು 'ಭಣಭಣ' ಅನ್ನುತ್ತದೆ ಎನ್ನುವರು. ಗುಜರಾತಿಯವರು ಇದಕ್ಕೆ 'ಸೂನುಂ ಲಾಗೆ ಛೆ' ಎನ್ನುತ್ತಾರೆ. ಈ ಸೂನುಂ ಸಂಸ್ಕೃತದ ಶೂನ್ಯದಿಂದ ಬಂದುದು. ಅದೇ ಶೂನ್ಯದಿಂದ ನಮ್ಮ 'ಸೊನ್ನೆ'ಯೂ ಬಂದಿದೆ. ನಾವು ಲೆಕ್ಕದ ಪುಸ್ತಕದಲ್ಲಿ ಬರೆಯುವ ಸೊನ್ನೆಯೂ ನೆರೆಯವರು ಬರಿದಾದ ಮನೆಯನ್ನು ನೋಡಿ ಹೇಳುವ ಸೂನುಂ ಎಂಬುದೂ ಒಂದೇ ಮನೆತನದವು.

ಇವೆಲ್ಲ ಕಷ್ಟದ ಮಾತುಗಳಾದುವು. ಸುಖದ ಮಾತು ಒಂದಿದೆ, ಅದು 'ಏಕಾಂತ'. ಏಕ, ಅಂತ ಎಂಬ ಎರಡು ಮಾತು ಸೇರಿ ಆದುದು. ಒಂದು ಬದಿಗೆ ಸರಿದ ಜಾಗ ಎಂದು ತಿಳಿಯಬಹುದು. ತಿರುಮಲೆಯಲ್ಲಿ ರಾತ್ರಿ ಸ್ವಾಮಿಯನ್ನು ಮಲಗಿಸುವ ಕೊನೆಯ ಸೇವೆಗೆ ಏಕಾಂತ ಸೇವೆ ಎಂದೇ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಆಳಂದದ ಕಡೆಯ ಶಿವಭಕ್ತ ರಾಮಯ್ಯನು ಬೇರೆಲ್ಲವನ್ನೂ ಬಿಟ್ಟು ಒಂದೇ ಮನಸ್ಸಿನಿಂದ ಶಿವನನ್ನು ಪೂಜಿಸುತ್ತಿದ್ದುದರಿಂದ ಏಕಾಂತದ ರಾಮಯ್ಯನೆನಿಸಿಕೊಂಡನು. ಅವನ ಸಂಗತಿಯನ್ನು ಹೇಳುವ ಶಾಸನ ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿದೆ. ಇಲ್ಲಿ ಏಕಾಂತವೆಂಬುದು ಬಿರುದು, ಕೊರತೆಯ ಹೆಸರಲ್ಲ.

ಏಕಾಂತಕ್ಕೂ ಒಂಟಿತನಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. "ನಿಮ್ಮೊಡನೆ ಏಕಾಂತದಲ್ಲಿ ಮಾತಾಡಬೇಕು" ಎನ್ನಬಹುದು. ಗಂಡಹೆಂಡಿರಿಗೆ ಏಕಾಂತ ಬೇಕು ಎನ್ನಬಹುದು. ಅಂದರೆ ಏಕಾಂತದಲ್ಲಿ ಇಬ್ಬರಿಗೂ ಜಾಗವಿದೆ. ಒಂಟಿತನ ಹಾಗಲ್ಲ, ಹತ್ತು ಜನರ ನಡುವೆ ಕುಳಿತಿದ್ದರೂ ಅದು ಒಬ್ಬನನ್ನೇ ಹಿಡಿಯುತ್ತದೆ. ಆದುದರಿಂದ ತಲೆ ಎಣಿಸಿ ಒಂಟಿತನವನ್ನು ಅಳೆಯಲಾಗದು.

ಈ ಎರಡಕ್ಕೂ ನಾವು ದುಡಿಯುವ ನಾಡಿನಲ್ಲಿಯೇ ಎರಡು ದೊಡ್ಡ ನಿದರ್ಶನಗಳಿವೆ. ಎರಡರಲ್ಲಿಯೂ ಊರಿಗೆ ಹೊಸಬನಾದ ಒಬ್ಬ ಓದಿದ ತರುಣನಿದ್ದಾನೆ, ಒಂದು ಬರಿದಾದ ದೊಡ್ಡ ಕೋಣೆಯಿದೆ.

ಮೊದಲನೆಯದು ಅಹಮದಾಬಾದಿನದು. 1878ರಲ್ಲಿ ರವೀಂದ್ರನಾಥ ಠಾಕೂರರು ವಿಲಾಯತಿಗೆ ಹೋಗುವ ಮೊದಲು ಕೆಲವು ತಿಂಗಳು ಇಲ್ಲಿ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅಣ್ಣ ಇಲ್ಲಿ ನ್ಯಾಯಾಧೀಶರು. ಅವರ ಬಿಡಾರ ಶಾಹೀಬಾಗಿನಲ್ಲಿ ಸಾಬರಮತಿಯ ದಂಡೆಯ ಮೇಲಿದ್ದ ಮೊಗಲರ ಕಾಲದ ಅರಮನೆ. ಇಂದು ಅದು ಸರ್ದಾರ್ ಪಟೇಲರ ಸ್ಮಾರಕವಾಗಿದೆ. ಅಣ್ಣ ಕಚೇರಿಗೆ ಹೋದ ಮೇಲೆ ಹದಿನೇಳು ವರ್ಷದ ಹುಡುಗ ಆ ಇಡೀ ಅರಮನೆಯಲ್ಲಿ ಒಬ್ಬನೇ. ಪುಸ್ತಕಗಳು, ಪಾರಿವಾಳಗಳ ಸದ್ದು, ಕೆಳಗೆ ಹರಿಯುವ ನದಿ, ಇಷ್ಟೇ ಜೊತೆ. ಅವರು ತಮ್ಮ ಹಾಡುಗಳಿಗೆ ತಾವೇ ಮಟ್ಟು ಕಟ್ಟಲು ತೊಡಗಿದುದು ಅಲ್ಲಿಯ ಮಾಳಿಗೆಯ ಮೇಲೆ, ಬೆಳುದಿಂಗಳಲ್ಲಿ ತಿರುಗಾಡುತ್ತ. ಆ ಬರಿದಾದ ಕೋಣೆಗಳ ನೆನಪೇ ಮುಂದೆ 1895ರಲ್ಲಿ 'ಹಸಿದ ಕಲ್ಲುಗಳು' ಎಂಬ ಕಥೆಗೆ ಮೂಲವಾಯಿತು. ಸಂಜೆಗೆ ಅಣ್ಣ ಮನೆಗೆ ಬರುವನೆಂಬ ಭರವಸೆ ಹುಡುಗನಿಗಿತ್ತು. ಊಟಕ್ಕೆ ಕರೆಯುವವರಿದ್ದರು. ಆದುದರಿಂದ ಆ ಒಬ್ಬನೇ ಇರುವಿಕೆ ಏಕಾಂತವಾಯಿತು, ಫಲ ಕೊಟ್ಟಿತು.

ಎರಡನೆಯದು ಬಡೋದೆಯದು, ಅಂದರೆ ಈಗಿನ ವಡೋದರದ್ದು. 1917ರಲ್ಲಿ ಡಾ. ಅಂಬೇಡ್ಕರರು ಬಡೋದೆ ಸಂಸ್ಥಾನದ ಕೆಲಸಕ್ಕೆ ಸೇರಲು ಅಲ್ಲಿಗೆ ಬಂದರು. ಮಹಾರಾಜ ಸಯಾಜಿರಾಯರ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿ ಬಂದವರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಉಮೇದುವಾರರಾಗಿ ನೇಮಕವಾಯಿತು. ಆದರೆ ಅಸ್ಪೃಶ್ಯರೆಂದು ಯಾರೂ ಮನೆ ಕೊಡುವಂತಿರಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ, ಪಾರ್ಸಿ ಹೆಸರು ಬರೆಸಿ ಇಳಿದುಕೊಂಡರು. ಮಹಡಿಯ ಮೇಲೆ ಒಂದು ಸಣ್ಣ ಮಲಗುವ ಕೋಣೆ. ಉಳಿದುದು ಹಲಗೆ, ಬೆಂಚು, ಮುರಿದ ಕುರ್ಚಿ ತುಂಬಿದ ಒಂದು ದೊಡ್ಡ ಹಜಾರ. ವಿದ್ಯುತ್ ದೀಪವಿಲ್ಲ, ಮಬ್ಬು ಬೆಳಕಿನ ಒಂದು ಲಾಟೀನು. ಬಾವಲಿಗಳ ಹಾರಾಟ. ಮೇಲ್ವಿಚಾರಕನು ಚಹ, ತಿಂಡಿ, ಊಟ ತಂದಾಗಲಷ್ಟೇ ಮನುಷ್ಯರ ಮುಖ. ಮಾತಾಡಲು ಒಂದು ಜೀವ ಬೇಕೆಂದು ಹಂಬಲಿಸುತ್ತಿದ್ದುದನ್ನೂ, ಯಾರೂ ಇಲ್ಲದೆ ಪುಸ್ತಕದಲ್ಲಿ ಮುಳುಗಿ ಎಲ್ಲವನ್ನೂ ಮರೆಯಲು ಯತ್ನಿಸುತ್ತಿದ್ದುದನ್ನೂ ಅವರೇ ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ತಿಳಿಸಿದ್ದಾರೆ. ಮುಂಬಯಿಯಿಂದ ಸಾಮಾನು ತಂದ ಅಕ್ಕನ ಮಗನು ಈ ಸ್ಥಿತಿಯನ್ನು ಕಂಡು ಗಟ್ಟಿಯಾಗಿ ಅಳತೊಡಗಿದ್ದರಿಂದ ಅವನನ್ನು ಕೂಡಲೇ ಹಿಂದಕ್ಕೆ ಕಳಿಸಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹನ್ನೆರಡು ಜನರಷ್ಟು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿದರು. ಹಿಂದೂ ಗೆಳೆಯರೊಬ್ಬರನ್ನೂ ಕ್ರೈಸ್ತ ಗೆಳೆಯರೊಬ್ಬರನ್ನೂ ಆಶ್ರಯ ಕೇಳಿದರು. ಇಬ್ಬರಿಂದಲೂ ನೆವದ ಉತ್ತರ ಬಂತು. ರಾತ್ರಿಯ ಮುಂಬಯಿ ರೈಲು ಬರುವ ತನಕ ಕಾಮಾಠಿ ಬಾಗಿನಲ್ಲಿ ಕುಳಿತು ಕಣ್ಣೀರಿಟ್ಟರು. ಇಂದು ಸಯಾಜಿ ಬಾಗ್ ಎನ್ನುವ ಆ ತೋಟಕ್ಕೆ ವಡೋದರದಲ್ಲಿರುವ ನಮ್ಮವರು ಎಷ್ಟೋ ಭಾನುವಾರ ಹೋಗಿ ಕುಳಿತಿರಬಹುದು.

ಇದು ಒಂಟಿತನದ ಅತ್ಯಂತ ಕಠಿಣವಾದ ರೂಪ. ಊರಿನಲ್ಲಿ ಜನರಿಗೇನೂ ಬರವಿರಲಿಲ್ಲ, ಕಚೇರಿಯಲ್ಲಿ ಸಹೋದ್ಯೋಗಿಗಳಿದ್ದರು. ಆದರೆ ತನ್ನ ಹೆಸರನ್ನು ತಾನು ಹೇಳಿಕೊಂಡು ಇರುವ ಜಾಗ ಒಂದೂ ಇರಲಿಲ್ಲ. ಶಾಹೀಬಾಗಿನ ಹುಡುಗನಿಗೂ ಬಡೋದೆಯ ತರುಣನಿಗೂ ಇದ್ದ ಅಂತರ ಇದೇ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಒಂಟಿತನವೆಂಬುದು ಯಾವಾಗಲೂ ಮನಸ್ಸಿನ ದೌರ್ಬಲ್ಯವಲ್ಲ. ಕೆಲವು ವೇಳೆ ಅದನ್ನು ಸುತ್ತಲಿನ ಜನ ಮಾಡಿ ಕೊಡುತ್ತಾರೆ. ಅಂಥಲ್ಲಿ "ಧೈರ್ಯ ತಂದುಕೊ" ಎಂದು ಕಷ್ಟಪಟ್ಟವನಿಗೆ ಬುದ್ಧಿ ಹೇಳುವುದು ಅನ್ಯಾಯ. ಎರಡು, ಹೆಸರು ಹಿಡಿದು ಕರೆಯುವ ಒಬ್ಬನಿದ್ದರೂ ಮನುಷ್ಯ ಒಬ್ಬಂಟಿಯಾಗುವುದಿಲ್ಲ. ಊರು ಬಿಟ್ಟು ಬಂದವರು ತಮ್ಮ ರೂಮಿಗೆ ಬರುವ ಹೊಸಬರನ್ನು ಜಾತಿ ಕೇಳಿ ಒಳಗೆ ಬಿಟ್ಟುಕೊಳ್ಳುವ ರೂಢಿ ಇನ್ನೂ ಅಲ್ಲಲ್ಲಿ ಉಂಟು. ಅಂಥವರು ಬಡೋದೆಯ ಆ ಹನ್ನೊಂದು ದಿನಗಳನ್ನು ನೆನೆಯುವುದು ಒಳ್ಳೆಯದು.

ಜನ ಕಿಕ್ಕಿರಿದಲ್ಲಿಯೂ ಒಂಟಿತನವಿರುವುದಕ್ಕೆ ಸೂರತ್ತು ಸಾಕ್ಷಿ. ಅಲ್ಲಿಯ ಪವರ್‌ಲೂಮುಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆಯ ಪಾಳಿ. ಒಂದೊಂದು ಮೆಸ್ಸಿನ ಕೋಣೆಯಲ್ಲಿ ಹತ್ತಾರು ಜನ. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಇಬ್ಬರೂ ಒಂದೇ ಚಾಪೆಯ ಪಾಲುದಾರರು, ಆದರೆ ಎದುರುಬದುರು ಕುಳಿತು ಮಾತಾಡುವ ಹೊತ್ತಿಲ್ಲ. ಮಗ್ಗದ ಸದ್ದಿನಲ್ಲಿ ಕೆಲಸದ ವೇಳೆಯೂ ಮಾತಿಲ್ಲ. ಇಂಥವನಿಗೆ ಒಂಟಿತನವೂ ಉಂಟು, ಏಕಾಂತವಂತೂ ಇಲ್ಲವೇ ಇಲ್ಲ. 2020ರ ಏಪ್ರಿಲಿನಲ್ಲಿ ಲಾಕ್‌ಡೌನ್ ಆದಾಗ ಸೂರತ್ತಿನಲ್ಲಿ ಸಾವಿರಾರು ಕೂಲಿಕಾರರು ಬೀದಿಗಿಳಿದು ಊರಿಗೆ ಕಳಿಸಿರೆಂದು ಕೇಳಿದರು. ಕೂಲಿ ನಿಂತಿತ್ತು, ಊಟದ ಚಿಂತೆಯಿತ್ತು, ನಿಜ. ಅದರೊಡನೆ, ಕಷ್ಟ ಬಂದರೆ ನಮ್ಮವರ ನಡುವೆ ಬರಲಿ ಎಂಬ ಆಸೆಯೂ ಇದ್ದಿರಬೇಕು.

ಈಚೆಗೆ ಲೋಕದ ದೊಡ್ಡ ಸಂಸ್ಥೆಗಳೂ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿವೆ. ಬ್ರಿಟನ್ನು 2018ರಲ್ಲಿ, ಜಪಾನು 2021ರಲ್ಲಿ ಒಂಟಿತನದ ವಿಷಯವನ್ನು ನೋಡಿಕೊಳ್ಳಲೆಂದೇ ಒಬ್ಬೊಬ್ಬ ಮಂತ್ರಿಗೆ ಹೊಣೆ ವಹಿಸಿದುವು. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಹೊರಡಿಸಿದ ವರದಿಯಂತೆ ಲೋಕದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆಯುಂಟು. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ಸಂಬಂಧವುಂಟೆಂದು ಅಂದಾಜು. ಹೃದಯದ ಬೇನೆ, ಪಾರ್ಶ್ವವಾಯು ಮುಂತಾದುವು ಇಂಥವರಿಗೆ ಹೆಚ್ಚು. ಆ ಸಂಸ್ಥೆಯವರು ಎರಡು ಸಂಗತಿಗಳನ್ನು ಬೇರೆ ಮಾಡಿ ಹೇಳುತ್ತಾರೆ. ಬಳಗ, ಒಡನಾಟ ನಿಜವಾಗಿಯೂ ಕಡಮೆಯಿರುವುದು ಒಂದು. ನಾವು ಬಯಸುವ ಒಡನಾಟಕ್ಕೂ ನಮಗೆ ಸಿಕ್ಕಿರುವುದಕ್ಕೂ ನಡುವೆ ಅಂತರ ಬಿದ್ದು, ಅದರಿಂದ ನೋವಾಗುವುದು ಇನ್ನೊಂದು. ಈ ಎರಡನೆಯದೇ ಒಂಟಿತನ. ಲೆಕ್ಕ ಬರೆಯುವವರಿಗೆ ಇದು ಬೇಗ ತಿಳಿಯುತ್ತದೆ. ಕೈಯಲ್ಲಿ ಎಷ್ಟಿದೆ ಎಂಬುದು ಬೇರೆ, ಬರಬೇಕಾದ ಬಾಕಿ ಎಷ್ಟು ಎಂಬುದು ಬೇರೆ. ಒಂಟಿತನವೆಂದರೆ ಬಾಕಿ. ನಮ್ಮ ಅಜ್ಜಂದಿರು ಜೋಡಿಯಿಲ್ಲದ ಎತ್ತನ್ನು ಒಂಟಿ ಎಂದಾಗ ಹೇಳಿದ್ದೂ ಇದನ್ನೇ.

ಹೀಗೆ ಮಾತುಗಳನ್ನು ಬೇರೆ ಬೇರೆ ಮಾಡಿಕೊಂಡ ಮೇಲೆ ಉಪಾಯಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಕೆಲಸದ ಬೇಸರವಾದರೆ ನಿದ್ರೆ, ಆಟ, ಒಂದು ಸಿನೆಮಾ, ಇವು ಸಾಕು. ಊರಿನ ಹಂಬಲ, ಉತ್ತರ ಕರ್ನಾಟಕದವರು ಹಳಹಳಿ ಎನ್ನುವುದು, ಇದ್ದರೆ ಫೋನು ಮಾಡಬೇಕು, ರಜೆ ಕೂಡಿಟ್ಟು ಹೋಗಿ ಬರಬೇಕು. ಫೋನಿನಲ್ಲಿ "ಚೆನ್ನಾಗಿದ್ದೇನೆ, ದುಡ್ಡು ಬಂತೇ?" ಎಂದು ಎರಡು ಮಾತಿಗೆ ನಿಲ್ಲಿಸದೆ, ಅಲ್ಲಿ ಮಳೆ ಹೇಗಿದೆ, ಎಮ್ಮೆ ಕರು ಹಾಕಿತೇ ಎಂದು ನಾಲ್ಕು ಮಾತು ಹೆಚ್ಚು ಕೇಳಬೇಕು. ಹಣ ಕಳಿಸುವವನೂ ಹಣ ತೆಗೆದುಕೊಳ್ಳುವ ವೃದ್ಧ ತಂದೆತಾಯಿಯೂ ಒಂದೇ ನೋವಿನ ಎರಡು ತುದಿಗಳಲ್ಲಿರುತ್ತಾರೆ. ಸಂಸಾರ ಕರೆದುಕೊಂಡು ಬಂದವರು ಇನ್ನೊಂದು ಮಾತನ್ನು ಗಮನಿಸಬೇಕು. ಗಂಡನಿಗೆ ಮಿಲ್ಲಿನಲ್ಲೋ ಆಫೀಸಿನಲ್ಲೋ ಜನರಿರುತ್ತಾರೆ. ಗುಜರಾತಿ ಬಾರದ ಹೆಂಡತಿಗೆ ಹಗಲೆಲ್ಲ ನಾಲ್ಕು ಗೋಡೆ. ಮನೆಯ ಒಂಟಿತನದಲ್ಲಿ ಹೆಚ್ಚಿನ ಪಾಲು ಅವರದು. ನೆರೆಯವರೊಡನೆ ಮಾತಾಡುವಷ್ಟು ಗುಜರಾತಿಯನ್ನು ಮನೆಯವರೆಲ್ಲರೂ ಕಲಿಯುವುದು ಲೇಸು. ಕಲಿಯುವುದು ಕಷ್ಟವಲ್ಲ. ನಮ್ಮ ಒಂಟಿ ಅಲ್ಲಿ ಏಕಲೊ. ಏಕಾಂತ ಅಲ್ಲಿಯೂ ಏಕಾಂತವೇ. ಒಂದು ಕೈಯಿಂದ ಚಪ್ಪಾಳೆಯಾಗದು ಎಂಬ ಗಾದೆಯೂ 'ಏಕ್ ಹಾಥೆ ತಾಳೀ ನ ಪಡೆ' ಎಂದು ಅವರಲ್ಲಿದೆ. ಮನಸ್ಸು ಊರಿಗೆ ಹೊಂದದಿದ್ದರೆ ಅವರು 'ಗಮತುಂ ನಥೀ' ಎನ್ನುತ್ತಾರೆ. ನೆರೆಮನೆಯ ಹೆಂಗಸಿನ ಹತ್ತಿರ ಇಷ್ಟನ್ನು ಹೇಳಿದರೂ ಸಾಕು, ಆಕೆಗೆ ತಿಳಿಯುತ್ತದೆ.

ಏಕಾಂತವೇ ಇಲ್ಲದವರಿಗೆ, ಅಂದರೆ ಎಂಟು ಜನರ ರೂಮಿನವರಿಗೆ, ದಿನಕ್ಕೆ ಅರ್ಧ ಗಂಟೆಯಾದರೂ ಒಂದು ಬದಿಯ ಜಾಗ ಬೇಕು. ವಾಚನಾಲಯದ ಒಂದು ಉಪಯೋಗ ಇದು. ಇಲ್ಲಿ ಒಬ್ಬೊಬ್ಬನೂ ತನ್ನ ಪುಸ್ತಕದೊಡನೆ ಏಕಾಂತದಲ್ಲಿರುತ್ತಾನೆ, ಆದರೆ ಯಾರೂ ಒಂಟಿಯಲ್ಲ. ತಲೆ ಎತ್ತಿದರೆ ಎದುರಿಗೆ ಇನ್ನೊಬ್ಬ ಕನ್ನಡ ಪತ್ರಿಕೆ ಹಿಡಿದಿರುತ್ತಾನೆ.

ಜೊತೆ ಸೇರುವುದರಿಂದ ಏನಾಗುತ್ತದೆಂಬುದಕ್ಕೆ ಅಹಮದಾಬಾದಿನ ಮಿಲ್ಲುಗಳ ಚರಿತ್ರೆಯಲ್ಲಿಯೇ ಪಾಠವಿದೆ. 1918ರ ಮುಷ್ಕರದ ಕಾಲದಲ್ಲಿ ಕೂಲಿಯಿಲ್ಲದೆ ಕುಳಿತ ಕೆಲಸಗಾರರನ್ನು ಗಾಂಧೀಜಿ ಮತ್ತು ಅನಸೂಯಾ ಬೆನ್ ಅವರು ದಿನವೂ ಸಾಬರಮತಿಯ ದಂಡೆಯಲ್ಲಿ ಒಂದು ಜಾಲಿಯ ಮರದ ಕೆಳಗೆ ಸೇರಿಸುತ್ತಿದ್ದರು. ದಿನವೂ ಒಂದು ಕರಪತ್ರವನ್ನು ಹಂಚುತ್ತಿದ್ದರು. ಅವುಗಳಲ್ಲಿ ಒಂದರಲ್ಲಿ, ಕೆಲಸವಿಲ್ಲದ ದಿನಗಳನ್ನು ಸುಮ್ಮನೆ ಕಳೆಯದೆ ಹೇಗೆ ಉಪಯೋಗಿಸಬೇಕೆಂಬ ಸಲಹೆಯಿತ್ತು. ಮನೆಯಲ್ಲಿ ಒಬ್ಬಂಟಿಯಾಗಿ ಕುಳಿತವನ ಧೈರ್ಯ ಮೂರು ದಿನಕ್ಕೆ ಕರಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಆ ಹೋರಾಟದ ಬೆನ್ನಿಗೆ 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ನಮ್ಮ ಭಾಷೆಯಲ್ಲಿ ಒಂಟಿ ಯಾವ ಬೇರಿನಿಂದ ಬಂದಿತೋ ಅದೇ ಬೇರಿನಿಂದ ಒಗ್ಗಟ್ಟು, ಒಮ್ಮತ, ಒಂದಾಗು ಎಂಬ ಮಾತುಗಳೂ ಬಂದಿವೆ ಎಂಬುದು ಇಲ್ಲಿ ನೆನಪಾಗತಕ್ಕದ್ದು.

ಆದರೆ ಎಲ್ಲವೂ ಗೆಳೆಯರಿಂದ, ವಾಚನಾಲಯದಿಂದ ವಾಸಿಯಾಗುವುದಿಲ್ಲ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಬದುಕು ಸಾಕೆನ್ನಿಸಿದರೆ, ಅದು ಒಂಟಿತನವನ್ನು ದಾಟಿ ಬೇನೆಯಾಗಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ.

ಕೊನೆಯದಾಗಿ ವಾಚಕರಲ್ಲಿ ಒಂದು ವಿನಂತಿ. ಇಲ್ಲಿಯವರು "ಕೇಮ್ ಛೋ?" ಎಂದರೆ ಉತ್ತರ "ಮಜಾಮಾ" ಎಂದೇ. ಒಳಗೆ ಏನಿದ್ದರೂ ಅದೇ ಉತ್ತರ. ಅದು ಮರ್ಯಾದೆಯ ಮಾತು. ನಮ್ಮ ಕಡೆ "ಊಟ ಆಯಿತೇ?" ಎಂದು ಕೇಳುತ್ತಾರೆ. ಅದು ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಅದಕ್ಕೆ "ಇಲ್ಲ" ಎಂದು ನಿಜ ಹೇಳಲು ಯಾರಿಗೂ ಸಂಕೋಚವಾಗುವುದಿಲ್ಲ. ವಾಚನಾಲಯಕ್ಕೆ ಹೊಸಬರು ಬಂದು ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕುಳಿತರೆ, ಮೊದಲು ಅವರ ಹೆಸರು ಕೇಳಿರಿ, ಆಮೇಲೆ ಊಟವಾಯಿತೇ ಎಂದು ಕೇಳಿರಿ. ಜಾತಿ, ಸಂಬಳ, ಯಾವ ಮಿಲ್ಲು ಎಂಬುವು ಆಮೇಲೂ ಬೇಡ. ಮುಂದಿನ ಭಾನುವಾರ ಅವರು ಬಂದಾಗ ಹೆಸರು ಹಿಡಿದು ಕರೆಯಿರಿ. ಅಷ್ಟರಿಂದಲೇ ಒಬ್ಬರಿಗೆ ಪರದೇಶಿ ಎಂಬ ಮಾತಿನ ಕನ್ನಡದ ಅರ್ಥ ತಪ್ಪಿ, ಗುಜರಾತಿಯ ಅರ್ಥವೊಂದೇ ಉಳಿದೀತು.